ಕಣ್ಣಿಗೊತ್ತಿಕೊಂಡದ್ದು

ಕ್ರಾನ್‌ಬರ್ನ್, ಮೆಲ್ಬರ್ನ್
೨ ಆಗಸ್ಟ್ ೨೦೦೯

ಪ್ರೀತಿಯ ಅನಸೂಯಾ ಆಂಟಿಗೆ ಜೀವನ್ ಮಾಡುವ ನಮಸ್ಕಾರಗಳು.

ನೀವು ಕಳಿಸಿದ ಚಟ್ನಿಪುಡಿ ತಲುಪಿತು. ಅರ್ಧ ನಾನು ತಿಂದೆ, ಇನ್ನರ್ಧ ನನ್ನ ರೂಮ್‌ಮೇಟ್ ತ್ರಿವಿಕ್ರಮ ನನಗೆ ಹೇಳದೆ ತಿಂದ. ಫೋನಿನಲ್ಲಿ ನೀವು "ಏನಂದೆ? ಏನಂದೆ?" ಅನ್ನುವುದು, ನಾನು ಕಿರುಚುವುದು, ಪಕ್ಕದ ಮನೆಯವರು ಜಗಳವೆಂದು ತಿಳಿಯುವುದು ಬೇಡ ಅಂತ ಈ ಕಾಗದ. ನಿಮ್ಮ ಕಿವಿಯ ಮಿಷನ್ ರಿಪೇರಿಯಾದ ಮೇಲೂ ಕಾಗದವೇ ಇರಲಿ. ಕನ್ನಡ ಬರೆದು ನಾಲ್ಕು ವರ್ಷವಾಗಿತ್ತು. ಕೈ ನೋಯುತ್ತಿದೆ, ಆದರೂ ಖುಷಿಯಾಗುತ್ತಿದೆ.

ವಿಷಯಕ್ಕೆ ಬರುತ್ತೇನೆ. ಶಾಪಿಂಗ್ ಸೆಂಟರಿನ ಬಾಗಿಲಲ್ಲಿ ನಿಂತು ನಿಂತು ಕಾಲು ಮರಗಟ್ಟಿದೆ. ನಮ್ಮ ಸೆಕ್ಯುರಿಟಿ ಕಂಪನಿಯವರು ನನ್ನನ್ನು ಇನ್ನೊಂದು ತಂಡಕ್ಕೆ ಹಾಕುತ್ತಾರಂತೆ. ಅಂಗಡಿಗಳ ಹಣವನ್ನು ಬ್ಯಾಂಕಿಗೆ ಮುಟ್ಟಿಸುವ ಕೆಲಸ. ಯೂನಿಫಾರ್ಮ್ ಇಲ್ಲ. ಸಾದಾ ಬಟ್ಟೆ, ಸಾದಾ ಕಾರು, ಶರ್ಟಿನ ಕೆಳಗೆ ಯಾರಿಗೂ ಕಾಣದ ಹಾಗೆ ಪಿಸ್ತೂಲು. ಅದಕ್ಕೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಮೊದಲು ನಾಲ್ಕು ದಿನದ ಕ್ಲಾಸು. ಅಕ್ಟೋಬರ್ ಮೊದಲ ವಾರಕ್ಕೆ ಬುಕ್ ಮಾಡಿದ್ದೇನೆ.

ದೀಪಾವಳಿಯ ರೀಲು ಪಿಸ್ತೂಲು ಬಿಟ್ಟರೆ ನಾನು ಬೇರೇನನ್ನೂ ಹಿಡಿದವನಲ್ಲ. ಆದರೆ ನಿಮ್ಮ ಮನೆಯಲ್ಲಿ ಬಾಡಿಗೆಗಿದ್ದ ಮೂರೂವರೆ ವರ್ಷ ದಿನವೂ ನಿಮ್ಮ ಆ ಎನ್.ಸಿ.ಸಿ. ಫೋಟೋ ಕೆಳಗೆ ಕೂತು ಊಟ ಮಾಡಿದ್ದೇನೆ. ಖಾಕಿ ಬಟ್ಟೆ, ಎರಡು ಜಡೆ, ಕೈಯಲ್ಲಿ ರೈಫಲ್, ಮುಖದಲ್ಲಿ ಇಡೀ ಮೈಸೂರನ್ನೇ ಗೆದ್ದ ಗತ್ತು. ಹೇಗೆ ಹಿಡಿಯುವುದು, ಕೈ ನಡುಗದಿರಲು ಏನು ಮಾಡುವುದು, ಎಲ್ಲ ಬರೆಯಿರಿ.

ಇನ್ನೊಂದು ಉಪಕಾರವಾಗಬೇಕು. ನನ್ನನ್ನು ಚೆನ್ನಾಗಿ ಬಲ್ಲ ಒಬ್ಬರ ಸಹಿಯನ್ನು ಕಂಪನಿಯವರು ಕೇಳುತ್ತಾರೆ. ಫಾರಂ ಇದರ ಜೊತೆಗಿದೆ. ಇರುವುದು ಒಂದೇ ಪ್ರಶ್ನೆ: ಈ ವ್ಯಕ್ತಿಯ ಕೈಗೆ ಬಂದೂಕು ಕೊಡಬಾರದು ಅನ್ನುವುದಕ್ಕೆ ನಿಮಗೆ ತಿಳಿದ ಕಾರಣವೇನಾದರೂ ಇದೆಯೇ? 'ಇಲ್ಲ' ಅಂತ ಬರೆದು ಸಹಿ ಹಾಕಿದರೆ ಸಾಕು. ಈ ದೇಶದಲ್ಲಿ ನಿಮಗಿಂತ ನನ್ನನ್ನು ಬಲ್ಲವರು ಯಾರೂ ಇಲ್ಲ.

ಕಾರು ಚೆನ್ನಾಗಿ ಓಡುತ್ತಿದೆ. ಈಗ ಎಲ್ಲ ಕಡೆಗೂ ಕಾರೇ. ಎರಡು ಬೀದಿ ಆಚೆ ಹಾಲು ತರುವುದಕ್ಕೂ ಕಾರು. ತ್ರಿವಿಕ್ರಮ ನಗುತ್ತಾನೆ.

ನಿಮ್ಮ
ಜೀವನ್

*

ವೆಂಟ್‌ವರ್ತ್‌ವಿಲ್, ಸಿಡ್ನಿ
೧೧ ಆಗಸ್ಟ್ ೨೦೦೯

ಚಿರಂಜೀವಿ ಜೀವನನಿಗೆ ಅನಸೂಯಾ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದಾಗ ಮಗಳು ತಾರಾ ಇಲ್ಲೇ ಇದ್ದಳು. ಓದಿ ಹೇಳಿದೆ. "ಅಮ್ಮಾ, ಯೂ ಟಾಟ್ ಬಾಟನಿ!" ಅಂತ ಮುಖ ಊದಿಸಿಕೊಂಡು, ಸಾರಿನ ಡಬ್ಬಿಯನ್ನು ಮಾತ್ರ ಮರೆಯದೆ ಎತ್ತಿಕೊಂಡು ಹೋದಳು. ಇಪ್ಪತ್ತೇಳು ವರ್ಷ ಎಲೆ, ಹೂವು, ಬೇರು ಅಂತ ಪಾಠ ಮಾಡಿದ ಮುದುಕಿಯಿಂದ ಬಂದೂಕಿನ ಪಾಠ ಕೇಳುವವನು ನೀನೊಬ್ಬನೇ ಇರಬೇಕು.

ಚೀನಾ ಯುದ್ಧದ ಮರುವರ್ಷ ಅದು, ೧೯೬೩. ಕಾಲೇಜಿನಿಂದ ನಾವು ಹದಿನಾಲ್ಕು ಹುಡುಗಿಯರು ಎನ್.ಸಿ.ಸಿ. ಸೇರಿದೆವು. ನಮಗೆ ಗುರಿ ಕಲಿಸಿದವರು ಹವಾಲ್ದಾರ್ ದ್ಯಾಮಣ್ಣ. ನಮ್ಮ ಮುಖ ನೋಡಿ ಮಾತಾಡಲು ಅವರಿಗೆ ನಾಚಿಕೆ. ನೆಲ ನೋಡಿಕೊಂಡೇ ಹೇಳುತ್ತಿದ್ದರು: "ಉಸ್ರು ಪೂರ್ತಿ ಬುಟ್ಬುಡ್ಬೇಡಿ ಕಣ್ರವ್ವಾ. ಅರ್ಧ ಬುಟ್ಟು, ಅರ್ಧ ಮಡೀಕಳಿ. ಆಗ ಕೈ ತಾನಾಗೇ ನಿಂತ್ಕತದೆ." ನಿಜಕ್ಕೂ ನಿಲ್ಲುತ್ತದೆ. ಗುಂಡು ಹಾರಿಸುವ ಕುದುರೆಯನ್ನು ಎಳೆಯಬೇಡ, ಮೆಲ್ಲಗೆ ಒತ್ತು. ಸದ್ದು ಬರುತ್ತದೆಂದು ಮೊದಲೇ ಕಣ್ಣು ಮುಚ್ಚಬೇಡ. ನಾನು ಐದರಲ್ಲಿ ನಾಲ್ಕು ಗುಂಡನ್ನು ಕರಿ ಚುಕ್ಕೆಗೆ ಹೊಡೆದೆ. ಐದನೆಯದು ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಸುತ್ತಮುತ್ತ ಯಾವ ಎಮ್ಮೆಯೂ ಸತ್ತ ಸುದ್ದಿ ಬರಲಿಲ್ಲ.

ಮೊದಲ ಸಲ ಕೈಗೆ ಕೊಟ್ಟಾಗ ಕಣ್ಣಿಗೊತ್ತಿಕೊ. ನಾವು ಹದಿನಾಲ್ಕು ಜನರೂ ಹಾಗೇ ಮಾಡಿದ್ದೆವು. ಅಲ್ಲಿನವರಿಗೆ ನಗು ಬಂದರೆ ಬರಲಿ, ನೀನು ಬಿಡಬೇಡ.

ಇನ್ನು ಫಾರಂ. ಅದು ಬಾಳೆಹಣ್ಣಿನ ಬುಟ್ಟಿಯ ಕೆಳಗೆ ಭದ್ರವಾಗಿದೆ. ಸಹಿ ಹಾಕಿಲ್ಲ. ಸಿಡ್ನಿಯಲ್ಲಿದ್ದಾಗ ನಿನಗೆ ಟ್ರೈನೆಂದರೆ ಪ್ರಾಣ. ಭಾನುವಾರ ಕೆಲಸವಿಲ್ಲದಿದ್ದರೂ ಕಟೂಂಬಾವರೆಗೆ ಹೋಗಿ, ಇಳಿಯದೆ ವಾಪಸು ಬರುತ್ತಿದ್ದ ಹುಡುಗ ನೀನು. ಈಗ ಹಾಲಿಗೂ ಕಾರು ಅನ್ನುತ್ತೀಯ. ಕೆಲಸಕ್ಕೆ ಪಿಸ್ತೂಲು ಬೇಕು ಸರಿ, ನಿನಗೆ ಯಾಕೆ ಬೇಕು? ಅದನ್ನು ಬರೆ. ಆಮೇಲೆ ಬುಟ್ಟಿ ಎತ್ತುತ್ತೇನೆ.

ಆಶೀರ್ವಾದಗಳೊಂದಿಗೆ,
ಅನಸೂಯಾ

*

ಕ್ರಾನ್‌ಬರ್ನ್
೨೪ ಆಗಸ್ಟ್ ೨೦೦೯

ಪ್ರೀತಿಯ ಆಂಟಿಗೆ,

ನಿಮಗೆ ಕಿವಿ ಕೇಳದಿದ್ದರೂ ಮಿಕ್ಕಿದ್ದೆಲ್ಲ ಕೇಳುತ್ತದೆ. ಹೇಳಿಬಿಡುತ್ತೇನೆ, ಬೈಯಬೇಡಿ.

ಮೇ ತಿಂಗಳಲ್ಲಿ ಒಂದು ಭಾನುವಾರ, ಹಗಲು ಮೂರು ಗಂಟೆ. ಟ್ರೈನಿನಲ್ಲಿ ಮೂವರು ಹುಡುಗರು ನನ್ನ ಫೋನ್ ಕೇಳಿದರು. ಕೊಟ್ಟೆ. ಕೊಟ್ಟ ಮೇಲೂ ಹೊಡೆದರು. ಅದು ಯಾಕೆಂದು ಇನ್ನೂ ತಿಳಿದಿಲ್ಲ. ಕೆನ್ನೆಯ ಮೂಳೆ ಸ್ವಲ್ಪ ಬಿರುಕು ಬಿಟ್ಟಿತ್ತು, ಈಗ ಕೂಡಿಕೊಂಡಿದೆ. ಬೋಗಿಯಲ್ಲಿ ಹನ್ನೊಂದು ಜನ ಇದ್ದರು. ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು ಪುಸ್ತಕ ಓದುತ್ತಿದ್ದಳು. ನಾನು ಕೆಳಗೆ ಬಿದ್ದಿದ್ದಾಗ ಅವಳು ಪುಟ ತಿರುವಿದಳು. ಬಹುಶಃ ಹೆದರಿಕೆಯಿಂದ ಇರಬೇಕು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ನಿಮಗೆ ಹೇಳಲಿಲ್ಲ, ಮನೆಗೂ ಹೇಳಲಿಲ್ಲ. ಮೆಲ್ಬರ್ನಿನಲ್ಲಿ ನಮ್ಮ ಹುಡುಗರು ಹೊಡೆತ ತಿನ್ನುವುದನ್ನು ಅಲ್ಲಿ ಟಿವಿಯವರು ದಿನವೂ ತೋರಿಸುತ್ತಿದ್ದರಂತೆ. ಅಪ್ಪ ಫೋನ್ ಮಾಡಿ "ನಿಂಗೇನೂ ಆಗಿಲ್ಲ ತಾನೇ?" ಅಂದರು. "ನಾನಿರೋದು ಬೇರೆ ಕಡೆ ಅಪ್ಪಾ" ಅಂದೆ. ಇಪ್ಪತ್ತೆಂಟು ವರ್ಷ ಬಸ್ ಓಡಿಸಿದ ಮನುಷ್ಯ, ಚಳ್ಳಕೆರೆಯಲ್ಲಿ ಎಲ್ಲರಿಗೂ ನನಗೆ ಇಲ್ಲೇ ನೆಲೆಸಲು ಪಿಆರ್ ಸಿಕ್ಕಿದ ಸುದ್ದಿ ಹೇಳಿಕೊಂಡು ತಿರುಗುತ್ತಿದ್ದಾರೆ.

ಈಗ ಏನೂ ಇಲ್ಲ ಆಂಟಿ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಸೊಂಟದಲ್ಲಿ ಅದೊಂದು ಇದ್ದರೆ ಜನರ ನಡುವೆ ಮೊದಲಿನ ಹಾಗೆ ತಲೆಯೆತ್ತಿ ನಡೆಯಬಹುದು ಅನ್ನಿಸುತ್ತದೆ, ಅಷ್ಟೆ.

ತಯಾರಿ ಜೋರಾಗಿದೆ. ಕ್ಲಾಸಿನ ಪುಸ್ತಕವನ್ನು ಎರಡು ಸಲ ಓದಿದೆ. ಪಿಸ್ತೂಲಿನ ತೂಕಕ್ಕೆ ಕೈ ಪಳಗಲೆಂದು ಒಂದು ಲೀಟರ್ ಹಾಲಿನ ಡಬ್ಬಿಯನ್ನು ಕೈ ನೀಡಿ ಹಿಡಿದು ನಿಲ್ಲುತ್ತೇನೆ. ಮೊದಲ ವಾರ ಇಪ್ಪತ್ತು ಸೆಕೆಂಡು, ಈಗ ಒಂದೂವರೆ ನಿಮಿಷ. ದ್ಯಾಮಣ್ಣನವರ ಅರ್ಧ ಉಸಿರು ಕೆಲಸ ಮಾಡುತ್ತಿದೆ. ನಿನ್ನೆ ತ್ರಿವಿಕ್ರಮ ಕೈಯೆತ್ತಿ "ಗುರುವೇ, ಹೊಡೀಬೇಡ, ಹಾಲು ಚೆಲ್ಲುತ್ತೆ" ಅಂದ.

ಬುಟ್ಟಿ ಎತ್ತುತ್ತೀರಲ್ಲ?

ನಿಮ್ಮ
ಜೀವನ್

*

ವೆಂಟ್‌ವರ್ತ್‌ವಿಲ್
೩ ಸೆಪ್ಟೆಂಬರ್ ೨೦೦೯

ಚಿ. ಜೀವನನಿಗೆ,

ನಿನ್ನ ಕಾಗದವನ್ನು ಎರಡು ದಿನ ಮತ್ತೆ ಮತ್ತೆ ಓದಿದೆ. ಮೂರನೆಯ ದಿನ ತಾರಾಳ ಮೇಲೆ ರೇಗಿದೆ, ಅವಳದೇನೂ ತಪ್ಪಿರಲಿಲ್ಲ. ಮೇ ತಿಂಗಳಿಂದ ನೀನು ನನಗೆ ನಾಲ್ಕು ಸಲ ಫೋನ್ ಮಾಡಿದ್ದೀಯ. ನಾಲ್ಕು ಸಲವೂ ನಿಂಬೆಗಿಡದ ವಿಷಯ ಮಾತಾಡಿದೆವು. ಒಡೆದ ಕೆನ್ನೆ ಇಟ್ಟುಕೊಂಡು ನನ್ನ ನಿಂಬೆಗಿಡವನ್ನು ವಿಚಾರಿಸಿದೆಯಲ್ಲೋ. ನನಗೆ ಸಂಕಟವಾಗಿದೆ ಜೀವನ್. ಸಿಟ್ಟೂ ಬಂದಿದೆ. ನಿನಗೆ ಯಾರೂ ಇಲ್ಲವೆಂದು ತಿಳಿದೆಯಾ?

ಆದರೆ ಹೇಳಿದೆ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ನನ್ನ ಮಾತು ನಾನು ಉಳಿಸಿಕೊಳ್ಳಬೇಕು. ಫಾರಂನಲ್ಲಿ 'ಇಲ್ಲ' ಎಂದು ಬರೆದು ಸಹಿ ಹಾಕಿದ್ದೇನೆ. ಕೈಬರಹ ಸ್ವಲ್ಪ ಓರೆಯಾಗಿದೆ, ವಯಸ್ಸಾದವಳೆಂದು ತಿಳಿದುಕೊಳ್ಳಲಿ. ಮನೆಯ ಬೀಗದ ಕೈಯನ್ನೇ ನಿನ್ನ ಹತ್ತಿರ ಬಿಟ್ಟಿರುವವಳು ನಾನು, ಒಂದು ಸಹಿಗೆ ಹಿಂದೆಮುಂದೆ ನೋಡಲೇ?

ಗುರಿಗೆ ಇನ್ನೊಂದು ಮಾತು. ನಿಂತಾಗ ಮಂಡಿಗಳನ್ನು ಬಿಗಿ ಹಿಡಿಯಬೇಡ. ಹಲ್ಲು ಕಚ್ಚಬೇಡ, ಕೆನ್ನೆ ನೋಯುತ್ತದೆ.

ಆಶೀರ್ವಾದಗಳೊಂದಿಗೆ,
ಅನಸೂಯಾ

*

ಕ್ರಾನ್‌ಬರ್ನ್
೧೨ ಅಕ್ಟೋಬರ್ ೨೦೦೯

ಆಂಟಿಗೆ ನಮಸ್ಕಾರಗಳು.

ಕ್ಲಾಸ್ ಅರ್ಧಕ್ಕೆ ನಿಂತಿದೆ. ಇಡೀ ಕ್ಲಾಸಲ್ಲ, ನನ್ನದು ಮಾತ್ರ.

ಮೊದಲ ದಿನ ಬರೀ ಪುಸ್ತಕದ ಪಾಠ. ಪರೀಕ್ಷೆಯಲ್ಲಿ ನನಗೇ ಎಲ್ಲರಿಗಿಂತ ಹೆಚ್ಚು ಮಾರ್ಕು. ನಮ್ಮ ಕಂಪನಿಯ ಟೀಚರ್ ಹೆಸರು ಶೆರಿಲ್. ಐವತ್ತೈದು ದಾಟಿದ ಹೆಂಗಸು, ಮೊದಲು ಪೊಲೀಸಿನಲ್ಲಿದ್ದವಳು, ಎಲ್ಲರನ್ನೂ 'ಲವ್' ಅಂತಲೇ ಕರೆಯುತ್ತಾಳೆ. ಎರಡನೆಯ ದಿನ ಗುರಿ ಹೊಡೆಯುವ ಜಾಗಕ್ಕೆ ಕರೆದೊಯ್ದರು. ನಾವು ಏಳು ಜನ. ಪಿಸ್ತೂಲಿನಲ್ಲಿ ಗುಂಡಿಲ್ಲವೆಂದು ಶೆರಿಲ್ ಎರಡು ಸಲ ತೋರಿಸಿ ಮೇಜಿನ ಮೇಲಿಟ್ಟಳು. ಒಬ್ಬೊಬ್ಬರಾಗಿ ಬಂದು ಎತ್ತಿಕೊಳ್ಳಬೇಕು. ನನ್ನ ಸರದಿ ಬಂತು. ಎರಡೂ ಕೈಯಲ್ಲಿ ಎತ್ತಿಕೊಂಡೆ. ಕಣ್ಣಿಗೊತ್ತಿಕೊಂಡೆ.

ಹಿಂದಿದ್ದ ಆರು ಜನ ಎಲ್ಲಿ ಹೋದರೋ ಗೊತ್ತಿಲ್ಲ, ಒಬ್ಬ ಮೇಜಿನ ಕೆಳಗಿದ್ದ. ಶೆರಿಲ್ ಮಾತ್ರ ಕೂಗಲಿಲ್ಲ. ತುಂಬಾ ಮೆತ್ತಗೆ "ಪುಟ್ ಇಟ್ ಡೌನ್, ಲವ್. ನಿಧಾನಕ್ಕೆ" ಅಂದಳು. ಇಟ್ಟೆ. ಆಗ ನೋಡಿದೆ, ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದು ಟೀ ಮಾಡಿಕೊಟ್ಟು "ಆರ್ ಯೂ ಆಲ್‌ರೈಟ್?" ಅಂತ ಕೇಳಿದಳು.

ನಾನು ಎಲ್ಲ ವಿವರಿಸಿದೆ. ಪುಸ್ತಕ ಕಾಲಿಗೆ ತಗುಲಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ, ನನ್ನ ಅಪ್ಪ ದಿನ ಬೆಳಿಗ್ಗೆ ಬಸ್ಸಿನ ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡೇ ಗಾಡಿ ತೆಗೆಯುತ್ತಿದ್ದರು, ಅನ್ನ ಕೊಡುವುದಕ್ಕೆಲ್ಲ ನಾವು ಮಾಡುವುದೇ ಹೀಗೆ ಅಂದೆ. "ಐ ಬಿಲೀವ್ ಯೂ" ಅಂದಳು. ಆದರೂ ಕ್ಲಾಸಿಗೆ ವಾಪಸು ಸೇರಿಸಲು ಒಪ್ಪಲಿಲ್ಲ. ಮೂವತ್ತು ವರ್ಷದಿಂದ ಜನರ ಕೈ ನೋಡುತ್ತಿದ್ದಾಳಂತೆ. ನನ್ನ ಕೈ ಬೇಗ ಇಳಿಯಲಿಲ್ಲವಂತೆ. ಅವಳಿಗೆ ಹಾಗನ್ನಿಸಿರಬೇಕು.

ಇದೆಲ್ಲ ಎಂಥ ಅವಮಾನ ನೋಡಿ. ಈಗ ಕಂಪನಿಯವರು ಹೇಳುವುದು ಇಷ್ಟೆ. ಸಹಿ ಹಾಕಿದವರು, ಅಂದರೆ ನೀವು, ಅದು ನಮ್ಮ ಪದ್ಧತಿ, ಬೇರೇನೂ ಅಲ್ಲ ಅಂತ ಶೆರಿಲ್‌ಗೆ ಒಂದು ಕಾಗದ ಬರೆದುಕೊಡಬೇಕು. ಕೊಟ್ಟರೆ ಡಿಸೆಂಬರಿನ ಕ್ಲಾಸಿಗೆ ಸೇರಿಸಿಕೊಳ್ಳುತ್ತಾರೆ. ನೀವು ಲೆಕ್ಚರರ್ ಆಗಿದ್ದವರು, ನಿಮ್ಮ ಇಂಗ್ಲಿಷಿಗೆ ತೂಕವಿದೆ. ಅರ್ಧ ಪುಟ ಸಾಕು ಆಂಟಿ. ಬೇಗ ಬರೆಯಿರಿ.

ನಿಮ್ಮ
ಜೀವನ್

*

ವೆಂಟ್‌ವರ್ತ್‌ವಿಲ್
೧೭ ಅಕ್ಟೋಬರ್ ೨೦೦೯, ನರಕ ಚತುರ್ದಶಿ

ನನ್ನ ಮುದ್ದು ಜೀವನನಿಗೆ,

ಮೊದಲು ನಕ್ಕೆ. ಮೇಜಿನ ಕೆಳಗಿದ್ದವನನ್ನು ನೆನೆದು ನಕ್ಕೆ. ಆಮೇಲೆ ಎಣ್ಣೆ ಹಚ್ಚಿಕೊಂಡ ತಲೆಯಲ್ಲೇ ಬಹಳ ಹೊತ್ತು ಕೂತುಬಿಟ್ಟೆ, ನೀರು ಆರಿಹೋಯಿತು.

ತಪ್ಪು ನನ್ನದು. ಕಣ್ಣಿಗೊತ್ತಿಕೊ ಎಂದು ಬರೆದವಳು ನಾನು. ನಾವು ಅಂದು ರೈಫಲನ್ನು ನೆಲದಲ್ಲೇ ಬಿಟ್ಟು, ಅದರ ಮರದ ಹಿಡಿ ಮುಟ್ಟಿದ ಬೆರಳುಗಳನ್ನು ಕಣ್ಣಿಗೊತ್ತಿಕೊಂಡಿದ್ದೆವು. ಬಂದೂಕಿನ ಬಾಯಿ ಯಾರ ಕಡೆಗೂ ತಿರುಗಬಾರದು ಅನ್ನುವುದು ದ್ಯಾಮಣ್ಣನವರು ಹೇಳಿಕೊಟ್ಟ ಮೊದಲ ಪಾಠ. ಅದನ್ನು ಬರೆಯದೆ ಬಿಟ್ಟು ಎಮ್ಮೆಯ ಕಥೆ ಬರೆದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ?

ಅರ್ಧ ಪುಟದ ಕಾಗದಕ್ಕೆ ಕೂತೆ. ಎರಡು ವಾಕ್ಯ ಬರೆದೆ. ಮೂರನೆಯದು 'ಬೇರೇನೂ ಅಲ್ಲ' ಎಂದು ಬರಬೇಕು. ಕೈ ಮುಂದೆ ಹೋಗಲಿಲ್ಲ.

ನಿನಗೆ ಹೇಳದ ಒಂದು ವಿಷಯವಿದೆ. ನೀನು ನಮ್ಮ ಮನೆಗೆ ಬಂದ ವರ್ಷವೇ ನಿಮ್ಮ ಅಂಕಲ್ ಹೋದರು. ಆ ಚಳಿಗಾಲ ನನಗೆ ಏಳುವುದಕ್ಕೆ ಕಾರಣ ಸಿಗುತ್ತಿರಲಿಲ್ಲ. ಅಳು ಕೂಡ ಇರಲಿಲ್ಲ, ಬರೀ ದಣಿವು. ಇವತ್ತು ಏಳದಿದ್ದರೆ ಏನಾಗುತ್ತದೆ, ನಾಳೆಯೂ ಏಳದಿದ್ದರೆ, ಇನ್ನು ಏಳದೇ ಹೋದರೆ, ಎಂದು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ತಾರಾಳಿಗೂ ಹೇಳಲಿಲ್ಲ. ಅಷ್ಟರಲ್ಲಿ ನೀನು ಬಾಗಿಲು ತಟ್ಟುತ್ತಿದ್ದೆ. "ಆಂಟಿ, ಕಾಫಿ ಆಯ್ತಾ?" ದಿನಾ ಏಳು ಗಂಟೆಗೆ. ಎಂಥ ಹೊಟ್ಟೆಬಾಕ, ಮನೆಯಲ್ಲಿ ಸತ್ತವರಿದ್ದರೂ ಇವನಿಗೆ ಕಾಫಿ ಬೇಕು ಎಂದು ಶಪಿಸಿಕೊಂಡು ಎದ್ದು ಡಿಕಾಕ್ಷನ್ ಹಾಕುತ್ತಿದ್ದೆ. ಹಾಗೆ ಎದ್ದವಳು ಇಂದಿಗೂ ಏಳುತ್ತಿದ್ದೇನೆ.

ಆದ್ದರಿಂದ ಕೇಳುತ್ತೇನೆ. ಮುಚ್ಚುಮರೆ ಮಾಡಬೇಡ. ಆ ಕೈ ಎಷ್ಟು ಹೊತ್ತು ಅಲ್ಲಿತ್ತು? ಆಗ ನಿನ್ನ ಮನಸ್ಸಿನಲ್ಲಿ ಏನಿತ್ತು? ಅದನ್ನು ತಿಳಿಯದೆ ನಾನು ಮೂರನೆಯ ವಾಕ್ಯ ಬರೆಯಲಾರೆ.

ನಿನ್ನ
ಅನಸೂಯಾ ಆಂಟಿ

*

ವೆಂಟ್‌ವರ್ತ್‌ವಿಲ್
೪ ನವೆಂಬರ್ ೨೦೦೯

ಚಿ. ಜೀವನ್,

ಹದಿನೆಂಟು ದಿನವಾಯಿತು. ತಾರಾ ತ್ರಿವಿಕ್ರಮನಿಗೆ ಫೋನ್ ಮಾಡಿದ್ದಳು. ಕೆಲಸಕ್ಕೆ ಹೋಗುತ್ತೀಯ, ಬರುತ್ತೀಯ, ಬಾಗಿಲು ಹಾಕಿಕೊಳ್ಳುತ್ತೀಯ ಎಂದನಂತೆ. ಅವಳು ಹೇಳಿದಳೆಂದೇ ತ್ರಿವಿಕ್ರಮ ಈಗ ದಿನಾ ನಿನ್ನನ್ನು ಊಟಕ್ಕೆ ಎಬ್ಬಿಸುತ್ತಿರುವುದು. ಅವನ ಮೇಲೆ ರೇಗಬೇಡ.

ನನ್ನ ಮೇಲೆ ಕೋಪ ಬಂದಿದ್ದರೆ ಬೈದು ಬರೆ. ಬರೆಯಲಾಗದಿದ್ದರೆ ಬರೀ ಹಾಳೆಯನ್ನು ಲಕೋಟೆಗೆ ಹಾಕಿ ಕಳಿಸು. ವಿಳಾಸದಲ್ಲಿ ನಿನ್ನ ಅಕ್ಷರ ಕಂಡರೆ ಸಾಕು.

ಅನಸೂಯಾ

*

ಕ್ರಾನ್‌ಬರ್ನ್
೧೬ ನವೆಂಬರ್ ೨೦೦೯

ಆಂಟಿ,

ಇದು ಆರನೆಯ ಹಾಳೆ. ಐದನ್ನು ಹರಿದೆ.

ಎಷ್ಟು ಹೊತ್ತು ಇತ್ತು ಅಂತ ನನಗೆ ತಿಳಿಯದು. ಶೆರಿಲ್ ಹೇಳುವುದೇ ನಿಜವಿರಬೇಕು. ಎತ್ತಿಕೊಂಡಾಗ ನೀವು ಹೇಳಿದ್ದು, ಅಪ್ಪನ ಸ್ಟೀರಿಂಗು, ಎರಡೂ ನೆನಪಿತ್ತು. ಭಕ್ತಿಯಿಂದಲೇ ಕಣ್ಣಿಗೊತ್ತಿಕೊಂಡೆ, ಅದು ಸುಳ್ಳಲ್ಲ. ತಣ್ಣಗಿತ್ತು. ಕಣ್ಣು ಮುಚ್ಚಿದ್ದೆ. ಆಗ ಮೇ ತಿಂಗಳ ನಂತರ ಮೊದಲ ಸಲ ತಲೆಯೊಳಗೆ ಸದ್ದು ನಿಂತಿತು. ಎಲ್ಲ ಇಲ್ಲಿಗೇ ಮುಗಿದರೆ ಎಷ್ಟು ಚೆನ್ನಾಗಿ ನಿದ್ದೆ ಬರುತ್ತದೆ ಅನ್ನಿಸಿತು. ಕೈ ಇಳಿಸಲು ಮನಸ್ಸಾಗಲಿಲ್ಲ. ಗುಂಡಿಲ್ಲವೆಂದು ನನಗೆ ಗೊತ್ತಿತ್ತು. ಇದ್ದಿದ್ದರೆ ಏನು ಮಾಡುತ್ತಿದ್ದೆ ಅನ್ನುವುದು ಗೊತ್ತಿಲ್ಲ. ಅದೇ ನನಗೆ ಭಯ.

ನಿದ್ದೆ ಬರುತ್ತದೆ ಎಂದು ನಿಮಗೆ ಬರೆದದ್ದು ಸುಳ್ಳು. ಎರಡು ಗಂಟೆ ಬಂದರೆ ಹೆಚ್ಚು. ಜುಲೈನಲ್ಲಿ ಇಲ್ಲಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ಮಾತಾಡುವುದಕ್ಕೆ ಒಬ್ಬರ ಹತ್ತಿರ ಹೋಗು ಅಂದಿದ್ದರು. ಮಾತ್ರೆ ಡ್ರಾಯರಿನಲ್ಲಿದೆ, ತೆಗೆದುಕೊಂಡಿಲ್ಲ. ಇನ್ನೊಬ್ಬರ ಹತ್ತಿರ ಹೋಗಲಿಲ್ಲ. ನನ್ನ ಫಾರಂನಲ್ಲೂ ಇಂಥ ಚಿಕಿತ್ಸೆ ಆಗಿದೆಯೇ ಎಂಬ ಪ್ರಶ್ನೆಯಿತ್ತು. ಇಲ್ಲ ಎಂದು ಬರೆದೆ. ನಿಮ್ಮಿಂದಲೂ ಬರೆಸಿದೆ. ಮೋಸ ಮಾಡಿದೆ ಆಂಟಿ, ಅದೂ ನಿಮಗೆ.

ಹಾಲಿನ ಡಬ್ಬಿ ಹಿಡಿದು ನಿಲ್ಲುತ್ತಿದ್ದಾಗ ನನಗೆ ಆ ಹುಡುಗರು ಕಾಣುತ್ತಿರಲಿಲ್ಲ. ಪುಟ ತಿರುವಿದ ಆ ಹೆಂಗಸು ಕಾಣುತ್ತಿದ್ದಳು. ಸಿಟ್ಟಿಲ್ಲ ಅಂದಿದ್ದೆ. ಅದೂ ಸುಳ್ಳೇ.

ನೀವು ನಿಜ ಬರೆದರೆ ಈ ಕೆಲಸ ಹೋಗುತ್ತದೆ. ಇರುವ ಕೆಲಸವೂ ಹೋಗಬಹುದು. ಬರೆಯದಿದ್ದರೆ ಡಿಸೆಂಬರಿನಲ್ಲಿ ಪಿಸ್ತೂಲು ಕೈಗೆ ಬರುತ್ತದೆ. ಎರಡರಲ್ಲಿ ಯಾವುದು ಬೇಕು ಅಂತ ನನಗೇ ತಿಳಿಯುತ್ತಿಲ್ಲ. ನೀವೇ ಏನಾದರೂ ಮಾಡಿ.

ಜೀವನ್

*

ವೆಂಟ್‌ವರ್ತ್‌ವಿಲ್
೧೯ ನವೆಂಬರ್ ೨೦೦೯

ನನ್ನ ಕಂದ,

ನಿನ್ನ ಕಾಗದ ಇವತ್ತು ಹನ್ನೊಂದಕ್ಕೆ ಬಂತು. ಹನ್ನೊಂದೂಕಾಲಿಗೆ ತಾರಾಳ ಕೈಯಲ್ಲಿ ತ್ರಿವಿಕ್ರಮನಿಗೆ ಫೋನ್ ಮಾಡಿಸಿದೆ. ಸಂಜೆಯೊಳಗೆ ಅವನು ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಈ ಕಾಗದ ಸೇರುವ ಹೊತ್ತಿಗೆ ಹೋಗಿ ಬಂದಿರುತ್ತೀಯ. ನಿನ್ನ ಗುಟ್ಟು ಹೊರಗೆ ಹಾಕಿದಳೆಂದು ಬೈದುಕೊ. ಜೀವದಿಂದಿದ್ದು ಬೈಯುವ ಜೀವನ್ ನನಗೆ ಬೇಕು.

ಮೋಸ ಮಾಡಿದೆ ಎಂದು ಬರೆದಿದ್ದೀಯ. ಮಾಡಿದ್ದೀಯ. ನನಗೆ ನೋವಾಯಿತು. ಆದರೆ ಆರನೆಯ ಹಾಳೆಯನ್ನು ಹರಿಯದೆ ಅಂಚೆಗೆ ಹಾಕಿದವನೂ ನೀನೇ. ನನಗೆ ಅಷ್ಟು ಸಾಕು.

ಶೆರಿಲ್‌ಗೆ ಕಾಗದ ಬರೆದಿದ್ದೇನೆ. ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ಇಳಿಸಿದೆ. ಇಂಗ್ಲಿಷಿನ ಪ್ರತಿ ಸ್ಟ್ಯಾಂಪ್ ಹಚ್ಚಿ ಮೇಜಿನ ಮೇಲಿದೆ. ಕನ್ನಡದ್ದು ಈ ಲಕೋಟೆಯಲ್ಲಿದೆ. ನಾನಾಗಿ ಅಂಚೆಗೆ ಹಾಕುವುದಿಲ್ಲ. ಬದುಕು ನಿನ್ನದು, ಹಾಕಿ ಎಂದು ನೀನು ಹೇಳಬೇಕು. ಮೂರನೆಯ ವಾಕ್ಯದ ಸುಳ್ಳನ್ನು ಮಾತ್ರ ಯಾವ ಕಾರಣಕ್ಕೂ ಬರೆಯಲಾರೆ. ನಿನಗೆ ಕೆಲಸ ಇಲ್ಲದಿದ್ದರೂ ನಡೆಯುತ್ತದೆ, ಇಲ್ಲಿ ನಿನ್ನ ಕೋಣೆ ಹಾಗೇ ಇದೆ.

ಡಿಸೆಂಬರ್ ಐದಕ್ಕೆ ವಿಮಾನದಲ್ಲಿ ಬರುತ್ತಿದ್ದೇನೆ. ತಾರಾ ಟಿಕೆಟ್ ತೆಗೆದಿದ್ದಾಳೆ. ನಿಮ್ಮ ಅಂಕಲ್ ಹೋದ ಮೇಲೆ ಒಬ್ಬಳೇ ಎಲ್ಲಿಗೂ ಹೋದವಳಲ್ಲ, ಸ್ವಲ್ಪ ಹೆದರಿಕೆಯೇ.

ನಿನ್ನ
ಆಂಟಿ

(ಲಕೋಟೆಯಲ್ಲಿದ್ದ ಇನ್ನೊಂದು ಹಾಳೆ)

ಶ್ರೀಮತಿ ಶೆರಿಲ್ ಅವರಿಗೆ,

ಸೆಪ್ಟೆಂಬರ್ ಮೂರರಂದು ಜೀವನನ ಫಾರಂಗೆ ನಾನು ಹಾಕಿದ ಸಹಿಯನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಅನ್ನ ಕೊಡುವ ಸಾಮಾನನ್ನು ಕಣ್ಣಿಗೊತ್ತಿಕೊಳ್ಳುವುದು ನಮ್ಮ ಪದ್ಧತಿ, ನಿಜ. ಹಾಗೆ ಮಾಡೆಂದು ಅವನಿಗೆ ಹೇಳಿದವಳು ನಾನು. ಆದರೆ ನೀವು ಕಂಡದ್ದೂ ನಿಜ. ದಯವಿಟ್ಟು ಅವನ ಕೈಗೆ ಈಗ ಬಂದೂಕು ಕೊಡಬೇಡಿ. ಅವನು ಹೊಡೆತ ತಿಂದಿದ್ದಾನೆ, ಹೊರಗೆ ವಾಸಿಯಾಗಿದೆ, ಒಳಗೆ ಆಗಿಲ್ಲ. ಹೇಗಿದ್ದೀಯ ಎಂದು ಅವನನ್ನು ಮೊದಲು ಕೇಳಿದವರು ನೀವು. ನಾನು ಪಾಠ ಹೇಳುತ್ತಿದ್ದೆ, ನೀವು ಅವನ ಕೈ ನೋಡಿದಿರಿ. ಅದಕ್ಕೆ ನಾನು ಋಣಿ.

ಅವನನ್ನು ಕೆಲಸಕ್ಕೆ ಬಾರದವನೆಂದು ತಿಳಿಯಬೇಡಿ. ಬಾಗಿಲಲ್ಲಿ ನಿಲ್ಲುವುದಕ್ಕೆ ಅವನಿಗಿಂತ ಒಳ್ಳೆಯವನು ನಿಮಗೆ ಸಿಗುವುದಿಲ್ಲ. ಅವನು ನಾನು ಹೆತ್ತ ಮಗನಲ್ಲ. ಗಂಡ ಸತ್ತ ಮನೆಯಲ್ಲಿ ನನ್ನನ್ನು ಉಳಿಸಿಕೊಂಡ ಮಗ. ನನಗೆ ಅರವತ್ನಾಲ್ಕು ವರ್ಷ. ಅವನು ಬದುಕಿರಲಿ ಎಂಬುದನ್ನು ಬಿಟ್ಟು ನನಗೆ ಬೇರೆ ಆಸೆ ಉಳಿದಿಲ್ಲ.

ಇತಿ,
ಅನಸೂಯಾ ಲಕ್ಷ್ಮೀಶ

*

ಕ್ರಾನ್‌ಬರ್ನ್
೩೦ ನವೆಂಬರ್ ೨೦೦೯

ಪ್ರೀತಿಯ ಆಂಟಿಗೆ,

ಇಂಗ್ಲಿಷಿನ ಪ್ರತಿಯನ್ನು ಅಂಚೆಗೆ ಹಾಕಬೇಡಿ. ಸ್ಟ್ಯಾಂಪ್ ವ್ಯರ್ಥವಾಯಿತು.

ತ್ರಿವಿಕ್ರಮ ಅವತ್ತು ಕೆಲಸ ಬಿಟ್ಟು ಬಂದ. ಕಾರಿನ ಕೀಲಿ ಕಿತ್ತುಕೊಂಡು "ಕಾರು ಹತ್ತು ಸುಮ್ನೆ" ಅಂದ. ಡಾಕ್ಟರ ಹತ್ತಿರ ನಾನು ಅರ್ಧ ಗಂಟೆ ಅತ್ತೆ, ಇವನು ಹೊರಗೆ ಕೂತು ಹಳೆಯ ಮ್ಯಾಗಜೀನುಗಳನ್ನೆಲ್ಲ ಓದಿ ಮುಗಿಸಿದ. ಇನ್ನು ಬುಧವಾರ ಬುಧವಾರ ಒಬ್ಬರ ಹತ್ತಿರ ಮಾತಾಡಲು ಹೋಗಬೇಕು. ಒಂದು ಸಲ ಆಗಿದೆ. ಮಾತ್ರೆ ಶುರುಮಾಡಿದ್ದೇನೆ. ಮೊನ್ನೆ ನಾಲ್ಕು ಗಂಟೆ ನಿದ್ದೆ ಮಾಡಿದೆ. ಹೆದರಿಕೆ ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ.

ಅಪ್ಪನಿಗೂ ಹೇಳಿದೆ. ಎಲ್ಲವನ್ನೂ ಕೇಳಿಕೊಂಡರು. ಆಮೇಲೆ "ಸಿಡ್ನೀಲಿ ಯಾರ ಮನೇಲಿದ್ಯೋ, ಆ ಅಮ್ಮನ ನಂಬರ್ ಕೊಡು" ಅಂದರು. ನಿಮಗೆ ಕೇಳಿಸುವುದಿಲ್ಲ ಅಂದೆ. "ಕೇಳ್ಸದೇ ಇದ್ರೂ ಪರ್ವಾಗಿಲ್ಲ, ಮಾತಾಡ್ತೀನಿ" ಅಂದರು. ಈ ವಾರ ಮಾಡಬಹುದು. ಎತ್ತಿಕೊಳ್ಳಿ.

ಐದಕ್ಕೆ ಏರ್‌ಪೋರ್ಟಿನಲ್ಲಿ ನಾನೇ ಇರುತ್ತೇನೆ.

ಇವತ್ತು ಬೆಳಿಗ್ಗೆ ಶೆರಿಲ್ ಹತ್ತಿರ ಹೋಗಿದ್ದೆ. ನಿಮ್ಮ ಕನ್ನಡದ ಹಾಳೆ ಜೇಬಿನಲ್ಲಿತ್ತು. ಅವಳು ಅದೇ ಕೋಣೆಯಲ್ಲಿ ಟೀ ಮಾಡಿಕೊಟ್ಟಳು. ನನ್ನ ಫಾರಂನಲ್ಲಿ ಬರೆದದ್ದು ಸುಳ್ಳು, ಆ ಕೆಲಸ ನನಗೆ ಬೇಡ ಅಂದೆ. ತಲೆಯಾಡಿಸಿದಳು. ಬಾಗಿಲಿನ ಕೆಲಸದ ಬಗ್ಗೆ ಕಂಪನಿಯವರು ಯೋಚಿಸಿ ಹೇಳುತ್ತಾರಂತೆ, ಅವಳು ನನ್ನ ಪರವಾಗಿ ಮಾತಾಡುತ್ತಾಳಂತೆ. ಆಮೇಲೆ ಹಾಳೆ ತೆಗೆದು ಒಂದೊಂದೇ ವಾಕ್ಯ ಓದಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ನೀವು ಸಹಿ ವಾಪಸು ಪಡೆದದ್ದನ್ನು ಹೇಳಿದೆ. ಬಂದೂಕು ಕೊಡಬೇಡಿ ಎಂದದ್ದನ್ನೂ ಹೇಳಿದೆ. 'ಹೆತ್ತ ಮಗನಲ್ಲ' ಅನ್ನುವ ಕೊನೆಯ ನಾಲ್ಕು ಸಾಲಿಗೆ ಬಂದು ನಿಂತುಬಿಟ್ಟೆ.

"ಇದನ್ನ ಇಂಗ್ಲಿಷಲ್ಲಿ ಹೇಳೋಕೆ ಆಗ್ತಿಲ್ಲ" ಅಂದೆ.

"ಹಾಗಿದ್ರೆ ನಿನ್ನ ಭಾಷೇಲೇ ಓದು, ಲವ್. ನಾನು ಕೇಳ್ತೀನಿ" ಅಂದಳು.

ಓದಿದೆ ಆಂಟಿ. ಪೂರ್ತಿ ಓದಿದೆ.

ನಿಮ್ಮ
ಜೀವನ್